ಸ್ಪಷ್ಟನೆ: ಫೋಟೊದಲ್ಲಿರುವ ಕೆಂಪು ಹುಳು ಸ್ಕ್ರಬ್ ಟೈಫಸ್ ಜ್ವರ ತರುವುದಿಲ್ಲ

ಮಳೆ ಬಿದ್ದ ನೆಲದ ಮೇಲೆ ಹರಿದಾಡುವ ಕಡುಗೆಂಪು ಹುಳುವಿನ ಫೋಟೊ ಹಾಕಿ, "ಇದು ಕಚ್ಚಿದರೆ ಸ್ಕ್ರಬ್ ಟೈಫಸ್, ಕಂಡಲ್ಲಿ ಸೀಮೆಎಣ್ಣೆ ಸುರಿಯಿರಿ" ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಫೋಟೊದಲ್ಲಿರುವುದು ಮಖಮಲ್ ನುಸಿ (ವೆಲ್ವೆಟ್ ಮೈಟ್). ಎಂಟು ಕಾಲು, ಮೈತುಂಬ ಒತ್ತಾದ ಮೃದು ರೋಮ, ಅರ್ಧದಿಂದ ಒಂದು ಸೆಂಟಿಮೀಟರ್ ಗಾತ್ರ. ಮೊದಲ ಮಳೆಗಳ ನಂತರ ಮಣ್ಣಿನಿಂದ ಮೇಲೆ ಬರುತ್ತದೆ. ಸಣ್ಣ ಕೀಟಗಳು, ಅವುಗಳ ಮೊಟ್ಟೆ ಇದರ ಆಹಾರ. ಮನುಷ್ಯರ ರಕ್ತ ಹೀರುವುದಿಲ್ಲ.

ಸ್ಕ್ರಬ್ ಟೈಫಸ್ ಹರಡುವುದು ಬೇರೊಂದು ಜಾತಿಯ ನುಸಿಯ ಮರಿ. ಅದು ಸುಮಾರು 0.2 ಮಿಲಿಮೀಟರ್, ಅಂದರೆ ಫೋಟೊಗೆ ಸಿಗುವ ಗಾತ್ರವೇ ಅಲ್ಲ. ಪೊದೆ, ಹುಲ್ಲಿನಲ್ಲಿ ಓಡಾಡಿದವರಿಗೆ ಜ್ವರ ಬಂದು, ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹಕ್ಕಳೆ ಎಲ್ಲರಲ್ಲೂ ಕಾಣುವುದಿಲ್ಲ, ಹಾಗಾಗಿ ಅದಿಲ್ಲದೆ ಜ್ವರ ಬಂದರೂ ತೋರಿಸಿ. ಹುಲ್ಲಿನಲ್ಲಿ ಓಡಾಡಿದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಿ.

ಬೆಂಡೆ, ಗುಲಾಬಿ ಎಲೆಯಡಿ ಕಾಣುವ ಕೆಂಪು ಚುಕ್ಕೆಗಳದ್ದು ಮತ್ತೊಂದು ಕಥೆ. ಬಿಳಿ ಹಾಳೆ ಹಿಡಿದು ಎಲೆ ತಟ್ಟಿ: ಚುಕ್ಕೆ ಹರಿದಾಡಿದರೆ, ಎಲೆಯಡಿ ನವಿರಾದ ಬಲೆಯಿದ್ದರೆ ಅದು ಜೇಡ ನುಸಿ. ಮನುಷ್ಯರನ್ನು ಕಚ್ಚದು, ಗಿಡದ ರಸ ಹೀರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಎಲೆಯ ತಳಭಾಗಕ್ಕೆ ಜೋರಾಗಿ ನೀರು ಹಾಯಿಸಿ. ಸಿಕ್ಕ ಕೀಟನಾಶಕ ಹೊಡೆದರೆ ನುಸಿ ತಿನ್ನುವ ಜೀವಿಗಳು ಸತ್ತು ಕಾಟ ಹೆಚ್ಚುವುದೇ ಜಾಸ್ತಿ.

ಸೀಮೆಎಣ್ಣೆ ಮಾತ್ರ ಬೇಡವೇ ಬೇಡ: ಗಿಡ ಸುಡುತ್ತದೆ, ಬೆಂಕಿಯ ಅಪಾಯ ಬೇರೆ. ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.