ಎಳೆಯೋ ತಾಕತ್ತು ಬೇರೆ, ಎಳ್ಕೊಂಡು ಹೋಗೋ ದೂರ ಬೇರೆ

ಮತ್ತೆ ಅದೇ ಥರದ ವಿಡಿಯೊ. ಬೆಳಿಗ್ಗೆಯಿಂದ ನಾಲ್ಕು ಜನ ಕಳಿಸಿದಾರೆ. ಎಲೆಕ್ಟ್ರಿಕ್ ಪಿಕಪ್ ಒಂದು ಪಾಚಿ ಕಟ್ಟಿದ ಇಳಿಜಾರಲ್ಲಿ ದೊಡ್ಡ ಬೋಟನ್ನ ನೀರಿಂದ ಮೇಲಕ್ಕೆ ಎಳೆಯುತ್ತೆ. ಸದ್ದಿಲ್ಲ, ಹೊಗೆ ಇಲ್ಲ. ಕೆಳಗೆ ‘ಡೀಸೆಲ್ ಕಥೆ ಮುಗೀತು’ ಅಂತ ಒಕ್ಕಣೆ. ಆ ಇಳಿಜಾರು ಹೆಚ್ಚೆಂದರೆ ಮೂವತ್ತು ಮೀಟರ್ ಇರಬಹುದು. ಬೆಂಗಳೂರಿಂದ ಮಲ್ಪೆಗೆ ಸುಮಾರು 400 ಕಿಲೋಮೀಟರ್. ಮೂವತ್ತು ಮೀಟರ್ ನೋಡಿ ನಾನೂರು ಕಿಲೋಮೀಟರಿಗೆ ತೀರ್ಪು ಕೊಡೋರನ್ನ ಕಂಡ್ರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ.

ನಾನು ಎಲೆಕ್ಟ್ರಿಕ್ ಗಾಡಿಗಳ ವಿರೋಧಿ ಅಲ್ಲ ಅನ್ನೋದು ಇಲ್ಲಿರೋ ಬಹುತೇಕರಿಗೆ ಗೊತ್ತು. ಆ ಇಳಿಜಾರಿನ ಕೆಲಸಕ್ಕೆ ಎಲೆಕ್ಟ್ರಿಕ್ ಪಿಕಪ್‌ಗಿಂತ ಒಳ್ಳೇ ಗಾಡಿ ಇಲ್ಲ, ಅದನ್ನ ಮೊದಲೇ ಒಪ್ಕೊಂಡುಬಿಡ್ತೀನಿ. ಮೋಟರ್‌ಗೆ ನಿಂತ ಜಾಗದಿಂದಲೇ ಪೂರ್ತಿ ಎಳೆತ ಸಿಗುತ್ತೆ. ಕ್ಲಚ್ ಸುಡೋ ವಾಸನೆ ಇಲ್ಲ, ಗಾಡಿ ಹಿಂದಕ್ಕೆ ಜಾರೋ ಭಯ ಇಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಗಾಡಿಯಾದ್ರೆ ಹಿಂದಿನ ಚಕ್ರ ಪಾಚಿ ಮೇಲೆ ಸುತ್ತಿದ್ರೂ ಒಣನೆಲದಲ್ಲಿರೋ ಮುಂದಿನ ಚಕ್ರ ಹಿಡ್ಕೊಳ್ಳುತ್ತೆ. ಆದರೆ ಲೆಕ್ಕ ಹಾಕಿ ನೋಡಿ. ಮೂರು ಟನ್ ಪಿಕಪ್, ಎರಡು ಟನ್ ಬೋಟು ಮತ್ತು ಟ್ರೇಲರ್, ನೂರಕ್ಕೆ ಹದಿನಾಲ್ಕರ ಏರು. ಮೂವತ್ತು ಮೀಟರ್ ಹತ್ತಿಸೋಕೆ ಒಂದು ಯೂನಿಟ್ ಕರೆಂಟಿನ ಹತ್ತನೇ ಒಂದು ಪಾಲೂ ಬೇಡ. ಯೂನಿಟ್ ಅಂದ್ರೆ ನಮ್ಮ ಬೆಸ್ಕಾಂ ಬಿಲ್ಲಿನಲ್ಲಿ ಬರುತ್ತಲ್ಲ, ಅದೇ. ಇಷ್ಟು ಸಣ್ಣ ಕೆಲಸ ಹೆದ್ದಾರಿಯ ಬಗ್ಗೆ ಏನನ್ನೂ ಹೇಳಲ್ಲ.

2019ರಲ್ಲಿ ಫೋರ್ಡ್‌ನವರು ತಮ್ಮ ಎಫ್-150 ಪಿಕಪ್ಪಿನ ಎಲೆಕ್ಟ್ರಿಕ್ ಮಾದರಿ ಗಾಡಿಗೆ ರೈಲು ಡಬ್ಬಿಗಳನ್ನ ಕಟ್ಟಿ, ಹತ್ತು ಲಕ್ಷ ಪೌಂಡಿಗೂ ಜಾಸ್ತಿ ತೂಕ ಎಳೆಸಿ ತೋರಿಸಿದ್ರು. ಅದನ್ನೂ ಇವತ್ತಿಗೂ ಸಾಕ್ಷಿ ಅಂತ ತಂದಿಡ್ತಾರೆ. ಹಳಿ ಮೇಲೆ ಉಕ್ಕಿನ ಚಕ್ರ ಉರುಳೋಕೆ ಬೇಕಾಗೋ ಬಲ, ಡಾಂಬರ್ ಮೇಲೆ ರಬ್ಬರ್ ಟೈರ್‌ಗೆ ಬೇಕಾಗೋದರ ಒಂದು ಸಣ್ಣ ಪಾಲು. ಗಾಡಿ ಹೋಗಿದ್ದು ನಿಧಾನಕ್ಕೆ, ಗಾಳಿಯ ತಡೆ ಲೆಕ್ಕಕ್ಕೇ ಬರಲಿಲ್ಲ. ದೂರದ ಪ್ರಯಾಣದಲ್ಲಿ ಬ್ಯಾಟರಿ ತಿನ್ನೋದೇ ಗಾಳಿ.

ಇದನ್ನ ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗಲ್ಲ. ಗಂಟೆಗೆ 80ರಲ್ಲಿ ಹೋಗೋ ಗಾಡಿನ 100ಕ್ಕೆ ಏರಿಸಿದ್ರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತೆ. ಹಿಂದೆ ಬೋಟು ಕಟ್ಟಿದಾಗ ತೂಕಕ್ಕಿಂತ ಅದರ ಆಕಾರ ಮುಖ್ಯ. ತಗ್ಗಾದ, ಮೂತಿ ಚೂಪಾದ ಬೋಟು ಪಿಕಪ್ಪಿನ ಬೆನ್ನ ಹಿಂದೆ ಅಡಗಿಕೊಳ್ಳುತ್ತೆ. ಮೇಲೆ ಗಾಜು, ಕಂಬಿ, ನೆರಳಿನ ಚಪ್ಪರ ಎದ್ದು ನಿಂತಿದ್ರೆ ಅದೇ ತೂಕದ ಬೋಟು ಎಷ್ಟೋ ಹೆಚ್ಚು ಕರೆಂಟ್ ತಿನ್ನುತ್ತೆ. ಬಿಗಿಯಾಗಿ ಕಟ್ಟದ ಹೊದಿಕೆ ಇನ್ನೂ ಕೆಟ್ಟದ್ದು. ಕುಣಿಗಲ್ ದಾಟೋ ಹೊತ್ತಿಗೆ ಗಾಳಿ ತುಂಬ್ಕೊಂಡು ಪಟಪಟ ಬಡಿಯೋಕೆ ಶುರುವಾಗುತ್ತೆ, ಹಗ್ಗದ ಕಣ್ಣು ಹರಿಯುತ್ತೆ, ಬ್ಯಾಟರಿ ಮೀಟರ್ ಇಳೀತಾ ಹೋಗುತ್ತೆ. ಚಪ್ಪರ ಮಡಚಿ, ಹೊದಿಕೆಗೆ ಅಡಿಯಿಂದ ಬೆಲ್ಟ್ ಹಾಕಿ ಎಳೆದು ಕಟ್ಟಬೇಕು. ಐದು ನಿಮಿಷದ ಕೆಲಸ, ಯಾರೂ ಮಾಡಲ್ಲ.

ಈಗ ದೂರದ ಲೆಕ್ಕ. ಆ ಎಲೆಕ್ಟ್ರಿಕ್ ಎಫ್-150 ಮಾರಾಟಕ್ಕೆ ಬಂದಿದ್ದು ಲೈಟ್ನಿಂಗ್ ಅನ್ನೋ ಹೆಸರಲ್ಲಿ, ಅದರ ದೊಡ್ಡ ಬ್ಯಾಟರಿ 131 ಯೂನಿಟ್. ಖಾಲಿ ಗಾಡಿಗೆ ಅಮೆರಿಕದ ಸರ್ಕಾರಿ ಪರೀಕ್ಷೆಯ ಪ್ರಕಾರ 320 ಮೈಲಿ, ಅಂದ್ರೆ 515 ಕಿಲೋಮೀಟರ್. ಹಾಗಾದ್ರೆ ನೂರು ಕಿಲೋಮೀಟರಿಗೆ ಸುಮಾರು 25 ಯೂನಿಟ್. ಎರಡು ಟನ್ ಬೋಟು ಕಟ್ಟಿದ್ರೆ 45ರಿಂದ 50 ಅಂತ ಇಟ್ಕೊಳ್ಳಿ. ಕೊನೆಯ ಹದಿನೈದು ಪರ್ಸೆಂಟ್ ಮುಟ್ಟಬಾರದು, ಯಾಕಂದ್ರೆ ಮುಂದಿನ ಚಾರ್ಜರ್ ಕೆಟ್ಟಿರಬಹುದು. ಉಳಿಯೋದು 235 ಕಿಲೋಮೀಟರ್ ಆಸುಪಾಸು, ಸಕಲೇಶಪುರ. ಅಲ್ಲಿಂದ ಮುಂದಕ್ಕೆ ದಾರಿಯಲ್ಲಿ ಎಂಬತ್ತು ಪರ್ಸೆಂಟ್ ತನಕ ಮಾತ್ರ ತುಂಬಿಸ್ತೀರಿ, ಆಮೇಲೆ ಚಾರ್ಜಿಂಗ್ ನಿಧಾನ ಆಗುತ್ತೆ. ಹಾಗಾಗಿ ಮುಂದಿನ ಪ್ರತಿ ಹಂತವೂ 180 ಕಿಲೋಮೀಟರಿನದೇ.

ಇದು ದೊಡ್ಡ ಬ್ಯಾಟರಿಯ ಕಥೆ. ನಮಗೆ ಪರಿಚಯ ಇರೋ ಇಸುಜು ಡಿ-ಮ್ಯಾಕ್ಸ್ ಪಿಕಪ್ಪಿನ ಎಲೆಕ್ಟ್ರಿಕ್ ರೂಪ ಯುರೋಪಿನಲ್ಲಿ ಸಿಗುತ್ತೆ. 66.9 ಯೂನಿಟ್ ಬ್ಯಾಟರಿ, ಕಾಗದದ ಮೇಲೆ 263 ಕಿಲೋಮೀಟರ್, ಎಳೆಯೋ ಸಾಮರ್ಥ್ಯ ಮಾತ್ರ ಡೀಸೆಲ್ ಅಣ್ಣನಷ್ಟೇ, ಮೂರೂವರೆ ಟನ್. ಆ ಮೂರೂವರೆ ಟನ್ ನೋಡಿ ಎಲ್ಲರೂ ಮರುಳಾಗ್ತಾರೆ. ಬೋಟು ಕಟ್ಟಿ ಬೆಂಗಳೂರು ಬಿಟ್ರೆ ಬೆಳ್ಳೂರು ಕ್ರಾಸ್ ದಾಟಿ ಸ್ವಲ್ಪ ದೂರಕ್ಕೇ ಚಾರ್ಜರ್ ಹುಡುಕಬೇಕು, ಹಾಸನ ಕೂಡ ಮುಟ್ಟಲ್ಲ. ಎಳೆಯೋ ತಾಕತ್ತು ಬೇರೆ, ಎಳ್ಕೊಂಡು ಹೋಗೋ ದೂರ ಬೇರೆ ಅಂತ ನಾನು ಬಡ್ಕೊಳ್ಳೋದು ಇದಕ್ಕೇ.

ಡೀಸೆಲ್ ಗಾಡಿಯ ಮೈಲೇಜೂ ಬೋಟು ಕಟ್ಟಿದ್ರೆ ಬೀಳುತ್ತಲ್ಲ ಅಂತ ಕೇಳ್ತೀರಿ. ಬೀಳುತ್ತೆ. ಟೊಯೊಟಾದ ಡೀಸೆಲ್ ಪಿಕಪ್ ಹೈಲಕ್ಸ್‌ನ ಟ್ಯಾಂಕ್ 80 ಲೀಟರ್, ಲೀಟರಿಗೆ ಏಳೇ ಕೊಟ್ರೂ 560 ಕಿಲೋಮೀಟರ್. ಒಂದು ಲೀಟರ್ ಡೀಸೆಲ್‌ನಲ್ಲಿ ಹತ್ತು ಯೂನಿಟ್ ಆಸುಪಾಸು ಶಕ್ತಿ ಇದೆ. ಆ ಲೆಕ್ಕದಲ್ಲಿ ಲೈಟ್ನಿಂಗ್ ಹೊರೋದು ಹದಿಮೂರು ಲೀಟರ್ ಡೀಸೆಲ್‌ನಷ್ಟು. ಎಂಜಿನ್ ಮುಕ್ಕಾಲು ಪಾಲು ಶಾಖ ಮಾಡಿ ಚೆಲ್ಲಿದ್ರೂ ಎಂಬತ್ತು ಲೀಟರ್ ಗೆಲ್ಲುತ್ತೆ. ಮತ್ತೆ ತುಂಬಿಸೋಕೆ ಐದು ನಿಮಿಷ.

ಮಲ್ಪೆ ದಾರಿಯ ಶಿರಾಡಿ ಘಾಟಿ ವಿಷಯಕ್ಕೆ ಬರೋಣ, ಜನ ಅತಿ ಹೆಚ್ಚು ತಪ್ಪು ತಿಳ್ಕೊಂಡಿರೋದು ಇಲ್ಲೇ. ಮಂಗಳೂರಿಂದ ಸಕಲೇಶಪುರಕ್ಕೆ ಸುಮಾರು ಒಂಬೈನೂರು ಮೀಟರ್ ಏರು. ಐದು ಟನ್ ಮೇಲಕ್ಕೆತ್ತೋಕೆ 12 ಯೂನಿಟ್, ನಷ್ಟ ಸೇರಿ 14. ಸಮತಟ್ಟು ರಸ್ತೆಯ ಮೂವತ್ತು ಕಿಲೋಮೀಟರಿಗೆ ಸಮ, ಅಷ್ಟೇ. ಹತ್ತೋದು ಭಯಪಡೋ ವಿಷಯವೇ ಅಲ್ಲ. ಎಚ್ಚರ ಬೇಕಾಗಿರೋದು ಇಳಿಯುವಾಗ. ಆಗ ಮೋಟರೇ ಡೈನಮೊ ಥರ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ತುಂಬ್ತಾ ಗಾಡಿನ ತಡೆದು ಹಿಡಿಯುತ್ತೆ. ಸಕಲೇಶಪುರದಲ್ಲಿ ಚಾರ್ಜಿಗೆ ಹಾಕಿ, ತಿಂಡಿ ತಿಂದು ಬರೋಷ್ಟರಲ್ಲಿ ನೂರು ಪರ್ಸೆಂಟ್ ತುಂಬಿಬಿಟ್ರೆ, ಇಳಿಜಾರಲ್ಲಿ ಮೋಟರ್ ಹುಟ್ಟಿಸೋ ಕರೆಂಟಿಗೆ ಬ್ಯಾಟರಿಯಲ್ಲಿ ಜಾಗ ಇರಲ್ಲ. ಆಗ ಐದು ಟನ್ ಪೂರ್ತಿ ಬ್ರೇಕ್ ಮೇಲೆ ಬೀಳುತ್ತೆ. ಎಂಬತ್ತಕ್ಕೇ ನಿಲ್ಲಿಸಿ ಹೊರಡಬೇಕು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಬಹಳಷ್ಟು ಬೋಟ್ ಟ್ರೇಲರ್‌ಗಳಲ್ಲಿ ಇರೋದು ಸರ್ಜ್ ಬ್ರೇಕ್. ಮುಂದಿನ ಗಾಡಿ ನಿಧಾನ ಆದಾಗ ಟ್ರೇಲರ್ ಕೊಂಡಿಯನ್ನ ಒತ್ತುತ್ತೆ, ಆ ಒತ್ತಡಕ್ಕೆ ಬ್ರೇಕ್ ತಾನಾಗೇ ಹಿಡಿಯುತ್ತೆ. ಎಲೆಕ್ಟ್ರಿಕ್ ಗಾಡಿ ಕಾಲು ತೆಗೆದ ತಕ್ಷಣ ಜೋರಾಗಿ ನಿಧಾನ ಆಗುತ್ತಲ್ಲ, ಘಾಟಿ ಉದ್ದಕ್ಕೂ ಟ್ರೇಲರ್ ಬ್ರೇಕ್ ಅರ್ಧ ಹಿಡಿದೇ ಇರುತ್ತೆ. ಬ್ಯಾಟರಿಗೆ ಬರಬೇಕಾದ ಶಕ್ತಿಯಲ್ಲಿ ಒಂದು ಪಾಲು ಟ್ರೇಲರ್‌ನ ಡ್ರಮ್ಮಿನಲ್ಲಿ ಶಾಖ ಆಗಿ ಹೋಗುತ್ತೆ. ಘಾಟಿ ಇಳಿದ ಮೇಲೆ ಗುಂಡ್ಯದಲ್ಲಿ ನಿಲ್ಲಿಸಿ ಟ್ರೇಲರ್ ಚಕ್ರದ ನಡುವಿನ ಹಬ್ ಹತ್ತಿರ ಅಂಗೈ ತಂದು ನೋಡಿ, ಮುಟ್ಟೋ ಮೊದಲೇ ಬಿಸಿ ಗೊತ್ತಾಗುತ್ತೆ. ಕಡಲು ತಲುಪಿದ ಮೇಲೂ ಅಷ್ಟೇ, ಹಬ್ ಬಿಸಿ ಇರುವಾಗ ಟ್ರೇಲರ್ ನೀರಿಗೆ ಇಳಿಸಬೇಡಿ. ಒಳಗಿನ ಬಿಸಿ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುತ್ತೆ, ಸೀಲ್ ದಾಟಿ ಉಪ್ಪುನೀರನ್ನ ಬೇರಿಂಗ್ ಒಳಗೆ ಎಳ್ಕೊಳ್ಳುತ್ತೆ. ಅರ್ಧ ಗಂಟೆ ಕಾಯಿರಿ. ಟ್ರೇಲರ್ ಲೈಟಿನ ಪ್ಲಗ್ ಕಿತ್ತಿಡಿ. ಬೋಟಿನ ತಳದ ಬಿರಡೆ ಹಾಕಿದೀರಾ ನೋಡ್ಕೊಳ್ಳಿ. ವಾಪಸ್ ಬಂದಾಗ ಟ್ರೇಲರ್‌ಗೂ ಗಾಡಿಯ ಅಡಿಗೂ ಸಿಹಿನೀರು ಹೊಡೀರಿ.

ಚಾರ್ಜಿಂಗ್ ಜಾಗದ ಸ್ಥಿತಿ ನೆನೆಸ್ಕೊಂಡ್ರೆ ಬೇಜಾರಾಗುತ್ತೆ. ನೆಲಮಂಗಲದಿಂದ ಆಚೆ ಹೆದ್ದಾರಿಯಲ್ಲಿ ಹೋಟೆಲ್ ಪಾರ್ಕಿಂಗ್ ಮೂಲೆಯಲ್ಲಿ, ಬಂಕಿನ ಹಿಂಬದಿ ಗೋಡೆಗೆ ಒತ್ತಿ ಚಾರ್ಜರ್ ನಿಲ್ಲಿಸ್ತಾರೆ. ಏಳು ಮೀಟರ್ ಟ್ರೇಲರ್ ಕಟ್ಟಿರೋ ಗಾಡಿ ಅಲ್ಲಿಗೆ ನುಗ್ಗಲ್ಲ, ನುಗ್ಗಿದ್ರೆ ಹಿಂದಿನ ದಾರಿ ಪೂರ್ತಿ ಬಂದ್. ಹಾಗಾಗಿ ಟ್ರೇಲರ್ ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಮುಂದಿನ ಸಣ್ಣ ಚಕ್ರ ಇಳಿಸಿ, ಪ್ಲಗ್ ಕಿತ್ತು, ಸರಪಳಿ ಬಿಚ್ಚಿ, ಕೊಂಡಿ ಎತ್ತಬೇಕು. ಚಾರ್ಜ್ ಆದ ಮೇಲೆ ಅದನ್ನೆಲ್ಲ ಉಲ್ಟಾ ಮಾಡಬೇಕು. ಇದೇ ಇಪ್ಪತ್ತು ನಿಮಿಷ. 60 ಕಿಲೋವ್ಯಾಟ್ ಚಾರ್ಜರ್‌ನಲ್ಲಿ 85 ಯೂನಿಟ್ ತುಂಬೋಕೆ ಒಂದೂವರೆ ಗಂಟೆ ಹತ್ತಿರ. ಅದೇ ಚಾರ್ಜರ್‌ನ ಎರಡನೇ ಗನ್ನಿಗೆ, ಅಂದ್ರೆ ಗಾಡಿಗೆ ಚುಚ್ಚೋ ಪ್ಲಗ್ಗಿಗೆ, ಇನ್ನೊಂದು ಕಾರು ಬಂದು ಶಕ್ತಿ ಹಂಚಿಹೋದ್ರೆ ಅದು ಮೂರು ಗಂಟೆ.

ದೊಡ್ಡ ಬ್ಯಾಟರಿ ಹಾಕಿದ್ರಾಯ್ತು ಅನ್ನೋದು ಎಲ್ಲರ ಕೊನೆಯ ಅಸ್ತ್ರ. ಶೆವರ್ಲೆಯ ಎಲೆಕ್ಟ್ರಿಕ್ ಪಿಕಪ್ ಸಿಲ್ವರಾಡೊದಲ್ಲಿ 200 ಯೂನಿಟ್ ಮೀರಿದ ಬ್ಯಾಟರಿ ಇದೆ. ನಮ್ಮ 60 ಕಿಲೋವ್ಯಾಟ್ ಚಾರ್ಜರ್ ಮುಂದೆ ಅದನ್ನ ಎಷ್ಟು ಹೊತ್ತು ನಿಲ್ಲಿಸ್ತೀರಿ? ತಯಾರಕರಿಗೇ ಇದು ಅರ್ಥ ಆಗಿದೆ. ರ‍್ಯಾಮ್ ಅನ್ನೋ ಅಮೆರಿಕದ ಕಂಪನಿ 2025ರಲ್ಲಿ ತನ್ನ ಪೂರ್ತಿ ಎಲೆಕ್ಟ್ರಿಕ್ ಪಿಕಪ್ ಕೈಬಿಟ್ಟು, 92 ಯೂನಿಟ್ ಬ್ಯಾಟರಿ ಜೊತೆ ಓಡ್ತಾನೇ ಕರೆಂಟ್ ಹುಟ್ಟಿಸೋ ಪೆಟ್ರೋಲ್ ಜನರೇಟರ್ ಇರೋ ಮಾದರಿಗೆ ಹೋಯ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಫೋರ್ಡ್ ಕೂಡ ಮುಂದಿನ ಲೈಟ್ನಿಂಗ್‌ಗೆ ಜನರೇಟರ್ ಇಡ್ತೀವಿ ಅಂತು. ಬೋಟು ಎಳೆಯೋರಿಗೆ ಸರಿಯಾದ ಗಾಡಿ ಅದು ಅಂತ ನನ್ನ ಸ್ಪಷ್ಟ ಅಭಿಪ್ರಾಯ.

ನಮ್ಮಲ್ಲಿ ಬೋಟು ಎಳೆಯೋ ಎಲೆಕ್ಟ್ರಿಕ್ ಪಿಕಪ್ಪೇ ಮಾರಾಟಕ್ಕಿಲ್ಲ, ಈಗಲೇ ಯಾಕೆ ಚರ್ಚೆ ಅಂತೀರಾ? ಬಂದ ದಿನವೇ ಆ ವಿಡಿಯೊ ನಂಬಿ ಬುಕ್ ಮಾಡೋಕೆ ಕಾಯ್ತಿರೋರು ನನಗೆ ಗೊತ್ತು, ಅದಕ್ಕೇ. ಅವರಿಗೆ ಹೇಳೋದಿಷ್ಟು. ನಿಮ್ಮ ಬೋಟು ಒಂದು ಟನ್ ಒಳಗಿದ್ದು, ಹೋಗೋ ಜಾಗ ನೂರು ಕಿಲೋಮೀಟರ್ ಒಳಗಿದ್ದು, ರಾತ್ರಿ ಅಲ್ಲೇ ಪ್ಲಗ್ ಸಿಗೋದಾದ್ರೆ ಕಣ್ಮುಚ್ಚಿ ತಗೊಳ್ಳಿ. ಕೆಆರ್‌ಎಸ್ ಹಿನ್ನೀರಿಗೆ ದೊಡ್ಡ ಬ್ಯಾಟರಿ ಗಾಡಿ ಸಾಕು, ಆದರೆ ಅಲ್ಲಿ ಚಾರ್ಜಿಂಗ್ ಇದೆಯಾ ಅಂತ ಹೊರಡೋ ಮುಂಚೆ ಫೋನ್ ಮಾಡಿ ಕೇಳಿ. ಮಲ್ಪೆ, ಕಾರವಾರ ಅಂದ್ರೆ ಬೇಡ. ಗಾಡಿ ಓಡಿಸಿ ನೋಡುವಾಗ ಶೋರೂಮಿನವರು ಕೊಡೋ ಖಾಲಿ ಸುತ್ತು ಸಾಲದು. ನಿಮ್ಮ ಟ್ರೇಲರ್ ಕಟ್ಟಿ, ಕೊಂಡಿ ಮೇಲೆ ಒಟ್ಟು ತೂಕದ ಐದರಿಂದ ಹತ್ತು ಪರ್ಸೆಂಟ್ ಬೀಳೋ ಹಾಗೆ ಬೋಟನ್ನ ಹೊಂದಿಸಿ, ಟೈರ್ ಗಾಳಿ ನೋಡಿ, ತುಮಕೂರು ರಸ್ತೆಯಲ್ಲಿ 80ರ ವೇಗದಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಿ. ‘ಇನ್ನಿಷ್ಟು ದೂರ ಹೋಗಬಹುದು’ ಅಂತ ತೋರಿಸೋ ಅಂಕಿಯನ್ನ ನಂಬಬೇಡಿ, ಅದು ಹಿಂದೆ ಖಾಲಿ ಓಡಿದ ಲೆಕ್ಕ ಹಿಡ್ಕೊಂಡಿರಬಹುದು. ನೂರು ಕಿಲೋಮೀಟರಿಗೆ ಎಷ್ಟು ಯೂನಿಟ್ ಹೋಗ್ತಿದೆ ಅನ್ನೋದನ್ನ ಚೀಟಿಯಲ್ಲಿ ಬರ್ಕೊಳ್ಳಿ, ಬುಕಿಂಗ್ ದುಡ್ಡು ಆಮೇಲೆ ಕೊಡಿ.