ಉಳಿದುಹೋದ ಓವರ್‌ಗಳ ದಂಡ ಅಂಗಳದಲ್ಲೇ ಬೀಳಲಿ

ಟೆಸ್ಟ್ ಪಂದ್ಯದ ಒಂದು ದಿನಕ್ಕೆ 6 ಗಂಟೆಗಳ ಆಟ, 90 ಓವರ್‌ಗಳು ಎಂದು ನಿಗದಿಯಾಗಿದೆ. ಅಂದರೆ ಓವರ್‌ ಒಂದಕ್ಕೆ 4 ನಿಮಿಷ. ಅಷ್ಟರಲ್ಲಿ ಮುಗಿಯದಿದ್ದರೆ ಅರ್ಧ ಗಂಟೆ ಹೆಚ್ಚುವರಿಯಾಗಿ ಆಡಿಸಬಹುದು. ಆ ಅರ್ಧ ಗಂಟೆ ಕಳೆದ ಮೇಲೂ ಓವರ್‌ಗಳು ಉಳಿದುಹೋಗುವುದು ಈಗ ಸಾಮಾನ್ಯವಾಗಿಬಿಟ್ಟಿದೆ. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಭಾರತ–ಇಂಗ್ಲೆಂಡ್ ಟೆಸ್ಟ್‌ನ ಮೊದಲ ದಿನ ನಡೆದದ್ದು 83 ಓವರ್‌ಗಳು ಮಾತ್ರ. ಹೀಗೆ ಉಳಿದದ್ದನ್ನು ಮರುದಿನ ಯಾರೂ ತುಂಬಿಕೊಡುವುದಿಲ್ಲ. ದುಡ್ಡು ಕೊಟ್ಟು ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತವರ ಪಾಲಿಗೆ ಅದು ಕೈತಪ್ಪಿದ ಆಟವೇ ಸರಿ. ಬೆಂಗಳೂರಿನಲ್ಲಿ ಕ್ರಿಕೆಟ್ ನೋಡುತ್ತ ಬೆಳೆದು ಈಗ ಮೆಲ್ಬರ್ನ್‌ನಲ್ಲಿ ನೆಲೆಸಿರುವ ನನಗೆ ಇದಕ್ಕೆ ದಂಡ ಬೇಕೇ ಬೇಕು ಅನಿಸುತ್ತದೆ. ಆದರೆ ಈಗಿರುವ ದಂಡಗಳಲ್ಲಿ ಹೆಚ್ಚಿನವು ಬೀಳಬೇಕಾದ ಹೊತ್ತಿನಲ್ಲಿ, ಬೀಳಬೇಕಾದ ಜಾಗದಲ್ಲಿ ಬೀಳುತ್ತಿಲ್ಲ.

ನಿಧಾನವಾದ ಬ್ಯಾಟಿಂಗ್‌ಗೆ ದಂಡ ಹಾಕಬೇಕೆಂದು ನಾನು ಹೇಳುತ್ತಿಲ್ಲ. 2008ರ ಜನವರಿಯಲ್ಲಿ ಸಿಡ್ನಿಯಲ್ಲಿ ರಾಹುಲ್ ದ್ರಾವಿಡ್ 18 ರನ್ನಿನಿಂದ 19ಕ್ಕೆ ಹೋಗಲು 40 ಎಸೆತಗಳನ್ನು ತೆಗೆದುಕೊಂಡರು, ಆ ಒಂದು ರನ್ನಿಗೆ ಇಡೀ ಮೈದಾನ ಚಪ್ಪಾಳೆ ತಟ್ಟಿತು. ಆ 40 ಎಸೆತಗಳಲ್ಲಿ ಪ್ರತಿಯೊಂದೂ ಬೌಲರ್‌ಗೂ ದಾಂಡಿಗನಿಗೂ ನಡೆದ ಹೋರಾಟ, ಟೆಸ್ಟ್ ಕ್ರಿಕೆಟ್‌ನ ಜೀವವೇ ಅದು. ನನ್ನ ತಕರಾರು ಇರುವುದು ಚೆಂಡು ಎಸೆಯದೆ ಕಳೆಯುವ ಹೊತ್ತಿನ ಬಗ್ಗೆ: ಎರಡು ಎಸೆತಕ್ಕೊಮ್ಮೆ ನಾಯಕ ಮಿಡ್‌ಆಫ್‌ನಿಂದ ನಡೆದು ಬಂದು ಬೌಲರ್‌ನ ಹೆಗಲ ಮೇಲೆ ಕೈಯಿಟ್ಟು ಮಾತನಾಡುವುದು, ಫೈನ್ ಲೆಗ್‌ನಲ್ಲಿದ್ದವನನ್ನು ಹತ್ತು ಹೆಜ್ಜೆ ಸರಿಸಿ ಮತ್ತೆ ಅಲ್ಲಿಗೇ ಕಳಿಸುವುದು, ಪಾನೀಯ ವಿರಾಮ ಮುಗಿದ ಕಾಲು ಗಂಟೆಗೇ ಹನ್ನೆರಡನೆಯ ಆಟಗಾರ ಬಾಟಲಿಯನ್ನೂ ಒಣ ಗ್ಲೌಸನ್ನೂ ಹಿಡಿದು ಓಡಿ ಬರುವುದು.

ಪಂದ್ಯ ಉಳಿಸಿಕೊಳ್ಳಲು ಸಮಯ ಕಳೆಯುವ ನಾಯಕನನ್ನು ಜಾಣನೆಂದು ಮೆಚ್ಚಿಕೊಳ್ಳುವ ಅಭ್ಯಾಸ ನಮ್ಮ ಕಡೆ ಬಹಳ ಕಾಲದಿಂದ ಇದೆ. 1981–82ರಲ್ಲಿ ಇಂಗ್ಲೆಂಡ್ ವಿರುದ್ಧ ಭಾರತ ಮುಂಬೈಯ ಮೊದಲ ಟೆಸ್ಟ್ ಗೆದ್ದಿತು, ಬೆಂಗಳೂರಿನದೂ ಸೇರಿ ಉಳಿದ ಐದೂ ಡ್ರಾ ಆದವು. ಓವರ್‌ಗಳ ಗತಿ ಎರಡೂ ಕಡೆ ಬೇಸರ ಹುಟ್ಟಿಸುವಷ್ಟು ನಿಧಾನವಾಗಿತ್ತು, ಆದರೂ ಸರಣಿ ಗೆದ್ದ ಸಂತೋಷದಲ್ಲಿ ಅದನ್ನು ದೂರಿದವರು ನಮ್ಮಲ್ಲಿ ಕಡಿಮೆ. ಇಲ್ಲಿ ಮೆಲ್ಬರ್ನ್‌ನಲ್ಲಿ ಜನರ ನೋಟ ಬೇರೆ. ಕೈಯಲ್ಲಿ ಚೆಂಡು ಹಿಡಿದು ಆಡುವ ಇಲ್ಲಿಯ ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ಎದುರಾಳಿಗೆ ಚೆಂಡು ಮರಳಿಸದೆ ಸಮಯ ಕೊಂದರೆ ಅಂಪೈರ್ ಅಲ್ಲೇ 50 ಮೀಟರ್ ದಂಡ ವಿಧಿಸುತ್ತಾನೆ. ಜನವರಿಯ ಆಸ್ಟ್ರೇಲಿಯನ್ ಓಪನ್ ಟೆನಿಸ್‌ನಲ್ಲಿ ಪಾಯಿಂಟ್‌ಗಳ ನಡುವೆ 25 ಸೆಕೆಂಡುಗಳ ಗಡಿಯಾರ ಓಡುತ್ತದೆ. ಮೊದಲ ಸಲ ಎಚ್ಚರಿಕೆ, ಮತ್ತೆ ತಪ್ಪಿದರೆ ಸರ್ವ್ ಮಾಡುವವನು ಆ ಸರ್ವ್ ಕಳೆದುಕೊಳ್ಳುತ್ತಾನೆ. ದಂಡ ಬೀಳುವುದು ಜನರ ಕಣ್ಣೆದುರಿಗೆ, ಆಟದ ಒಳಗೇ. ಅದನ್ನು ಅನ್ಯಾಯವೆಂದು ಇಲ್ಲಿ ಯಾರೂ ದೊಡ್ಡದು ಮಾಡುವುದಿಲ್ಲ.

ಕ್ರಿಕೆಟ್‌ನಲ್ಲಿ ದಂಡ ಹೇಗೆ ಬೀಳುತ್ತದೆ ಎಂಬುದಕ್ಕೆ ಇದೇ ಊರಿನ ಉದಾಹರಣೆ ಸಾಕು. 2020ರ ಬಾಕ್ಸಿಂಗ್ ಡೇ (ಡಿಸೆಂಬರ್ 26ರಂದು ಶುರುವಾಗುವ) ಟೆಸ್ಟ್‌ನಲ್ಲಿ ಅಜಿಂಕ್ಯ ರಹಾನೆಯ ಶತಕದ ಬಲದಿಂದ ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ಆಸ್ಟ್ರೇಲಿಯಾ 2 ಓವರ್ ಹಿಂದಿದ್ದುದಕ್ಕೆ ಪಂದ್ಯ ಸಂಭಾವನೆಯ ಶೇಕಡಾ 40ನ್ನೂ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್‌ನ 4 ಅಂಕಗಳನ್ನೂ ಕಳೆದುಕೊಂಡಿತು. ಕೊನೆಗೆ ನ್ಯೂಜಿಲೆಂಡ್ ಶೇಕಡಾ 70 ಅಂಕಗಳೊಂದಿಗೆ ಫೈನಲ್ ತಲುಪಿತು, ಆಸ್ಟ್ರೇಲಿಯಾ ಶೇಕಡಾ 69.2ಕ್ಕೆ ನಿಂತಿತು. ಆ 4 ಅಂಕಗಳಿದ್ದಿದ್ದರೆ ಎರಡೂ ತಂಡಗಳು ಸರಿಸಮವಾಗುತ್ತಿದ್ದವು. ಶಿಕ್ಷೆ ಕಠಿಣವೇನೋ ಹೌದು. ಆದರೆ ಅದರಿಂದ ಆ ಪಂದ್ಯ ನೋಡಿದವರಿಗೆ ದಕ್ಕಿದ್ದು ಏನೂ ಇಲ್ಲ, ಎದುರಿಗೆ ಆಡಿದ ಭಾರತಕ್ಕೂ ಇಲ್ಲ. ಲಾಭವಾದದ್ದು ಆ ಪಂದ್ಯದಲ್ಲಿ ಇಲ್ಲದ ಮೂರನೆಯವರಿಗೆ. 2023ರ ಆಷಸ್‌ನಲ್ಲಿ ಇಂಗ್ಲೆಂಡ್ 19 ಅಂಕ, ಆಸ್ಟ್ರೇಲಿಯಾ 10 ಅಂಕ ಕಳೆದುಕೊಂಡವು, ಆದರೂ ಆಟದ ಗತಿ ಸುಧಾರಿಸಲಿಲ್ಲ.

ಹಿಂದಿನ ಪದ್ಧತಿ ಇದಕ್ಕಿಂತ ಕೆಟ್ಟದಾಗಿತ್ತು. 2019ರಲ್ಲಿ ಆ್ಯಂಟಿಗಾದಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟನ್ನು ವೆಸ್ಟ್ ಇಂಡೀಸ್ ಮೂರೇ ದಿನದಲ್ಲಿ 10 ವಿಕೆಟ್‌ಗಳಿಂದ ಗೆದ್ದಿತು. ಆದರೂ ಓವರ್‌ಗಳ ಲೆಕ್ಕ ಹಿಡಿದು ನಾಯಕ ಜೇಸನ್ ಹೋಲ್ಡರ್‌ನನ್ನು ಮುಂದಿನ ಟೆಸ್ಟ್‌ನಿಂದ ಹೊರಗಿಡಲಾಯಿತು. ಎರಡು ದಿನ ಮುಂಚೆಯೇ ಮುಗಿದ ಪಂದ್ಯದಲ್ಲಿ ಯಾರ ಸಮಯ ಹಾಳಾಯಿತು? ಅದೇ ವರ್ಷದ ಜುಲೈನಲ್ಲಿ, ನಮ್ಮ ಅನಿಲ್ ಕುಂಬ್ಳೆ ಅಧ್ಯಕ್ಷರಾಗಿದ್ದ ಐಸಿಸಿ ಕ್ರಿಕೆಟ್ ಸಮಿತಿಯ ಶಿಫಾರಸಿನಂತೆ ನಾಯಕರ ಅಮಾನತು ರದ್ದಾಯಿತು, ತಂಡದ ಎಲ್ಲರೂ ಸಮಾನ ಹೊಣೆಗಾರರೆಂದಾಯಿತು. ಅದು ನ್ಯಾಯವಾದ ತೀರ್ಮಾನ. ಮೂರು ದಿನದಲ್ಲಿ ಮುಗಿಯುವ ಪಂದ್ಯಗಳಿಗೆ ಓವರ್ ದಂಡವೇ ಇರಬಾರದೆಂಬುದು ನನ್ನ ಅಭಿಪ್ರಾಯ.

2025ರಿಂದ ಟೆಸ್ಟ್‌ಗೂ ಗಡಿಯಾರ ಬಂದಿದೆ. ಒಂದು ಓವರ್ ಮುಗಿದ 60 ಸೆಕೆಂಡಿನೊಳಗೆ ಮುಂದಿನದು ಆರಂಭವಾಗಬೇಕು. ಎರಡು ಎಚ್ಚರಿಕೆಗಳ ನಂತರ ಪ್ರತಿ ತಪ್ಪಿಗೂ ಎದುರಾಳಿಗೆ 5 ರನ್. ಇದು ಸರಿಯಾದ ದಾರಿ, ಆದರೆ ಓವರಿನ ನಡುವೆ ಕಳೆಯುವ ಹೊತ್ತು ಇದರ ಲೆಕ್ಕಕ್ಕೆ ಸಿಗುವುದಿಲ್ಲ. ಬ್ಯಾಟಿಂಗ್ ತಂಡದ ಕಾಲಹರಣಕ್ಕೆ ನಿಯಮ 41ರಲ್ಲಿ 5 ರನ್ ದಂಡವಿದೆಯಾದರೂ ಅಂಪೈರ್‌ಗಳು ಅದನ್ನು ಬಳಸುವುದು ತೀರ ಅಪರೂಪ. ಅದೇ ಲಾರ್ಡ್ಸ್ ಟೆಸ್ಟ್‌ನ ಮೂರನೆಯ ಸಂಜೆ ಇಂಗ್ಲೆಂಡ್‌ನ ಆರಂಭಿಕರು ಕಾಲ ಕಳೆಯುತ್ತ ಒಂದೇ ಓವರ್ ಆಡಿ ದಿನ ಮುಗಿಸಿದಾಗ ಭಾರತದ ನಾಯಕ ಶುಭಮನ್ ಗಿಲ್ ಸಿಟ್ಟಾದದ್ದು ಸುಮ್ಮನೆ ಅಲ್ಲ.

ನನ್ನ ಸಲಹೆ ಇಷ್ಟು: ಗಾಯ, ಮರುಪರಿಶೀಲನೆ, ವಿಕೆಟ್ ಪತನಗಳಿಗೆ ಈಗ ಕೊಡುವ ರಿಯಾಯಿತಿಯನ್ನು ಕಳೆದು, ದಿನದ ಕೊನೆಗೆ ಉಳಿದ ಪ್ರತಿ ಓವರ್‌ಗೂ 5 ರನ್‌ಗಳನ್ನು ಬ್ಯಾಟಿಂಗ್ ತಂಡದ ಮೊತ್ತಕ್ಕೆ ಅಂದೇ ಸೇರಿಸಬೇಕು. ತಡಕ್ಕೆ ಬ್ಯಾಟಿಂಗ್ ತಂಡ ಕಾರಣವಾದರೆ ಅಷ್ಟೇ ರನ್‌ಗಳನ್ನು ಅದರ ಮೊತ್ತದಿಂದ ಕಳೆಯಬೇಕು. ಲಾರ್ಡ್ಸ್‌ನಲ್ಲಿ 83 ಓವರ್‌ಗಳ ಆ ದಿನ ಬೌಲ್ ಮಾಡಿದ್ದು ಭಾರತ. ವಿಕೆಟ್ ಕೀಪರ್ ರಿಷಭ್ ಪಂತ್ ಬೆರಳಿಗೆ ಪೆಟ್ಟಾಗಿ ಚಿಕಿತ್ಸೆಗೆ ಹಿಡಿದ ಹೊತ್ತನ್ನು ಬಿಟ್ಟರೂ ಕೆಲವು ರನ್‌ಗಳು ಇಂಗ್ಲೆಂಡ್‌ಗೆ ಹೋಗುತ್ತಿದ್ದವು, ಆ ಪಂದ್ಯವನ್ನು ಭಾರತ ಸೋತದ್ದು 22 ರನ್‌ಗಳಿಂದ. ನನ್ನ ತಂಡಕ್ಕೇ ಹೊಡೆತ ಬೀಳುವುದಾದರೂ ನಾನು ಇದನ್ನೇ ಕೇಳುತ್ತೇನೆ. ಪ್ರಸನ್ನ, ಚಂದ್ರಶೇಖರ್, ಕುಂಬ್ಳೆಯಂಥ ಸ್ಪಿನ್ನರ್‌ಗಳು ಬಂದ ನಾಡಿನವನಾಗಿ ನನಗೆ ಇದರಲ್ಲಿ ಇನ್ನೊಂದು ಆಸೆಯೂ ಇದೆ. ನಾಲ್ಕು ವೇಗಿಗಳನ್ನೇ ನೆಚ್ಚಿಕೊಂಡ ನಾಯಕನಿಗೆ ಸಂಜೆ ಐದರ ಹೊತ್ತಿಗೆ 30 ರನ್‌ಗಳ ದಂಡ ಫಲಕದ ಮೇಲೆ ಕಾಣತೊಡಗಿದರೆ, ಚೆಂಡು ತಾನಾಗಿಯೇ ಓವರ್ ಬೇಗ ಮುಗಿಸುವ ಸ್ಪಿನ್ನರ್‌ನ ಕೈಗೆ ಬರುತ್ತದೆ.