ಕಾಲಿದ್ದವರು ಹಂಪಿ ನೋಡಬೇಕು, ಫೋನಿದ್ದವರು ಕ್ಯೂ ನಿಲ್ಲಬೇಕು

ಪ್ರವಾಸದಲ್ಲಿ ಒಳ್ಳೆ ಫೋಟೋ ತೆಗೆಯುವುದು ಹೇಗೆ ಅಂತ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಹಂಪಿಗೆ ಬನ್ನಿ. ವಿಠ್ಠಲ ದೇವಸ್ಥಾನದ ಅಂಗಳದಲ್ಲಿ, ಕಲ್ಲಿನ ರಥದ ಎದುರು ಒಂದು ಗಂಟೆ ನಿಂತರೆ ಸಾಕು, ಈ ವಿದ್ಯೆ ತಾನಾಗಿ ಮೈಗೆ ಹತ್ತುತ್ತದೆ.

ಬೆಳಗಿನ ಎಳೆ ಬಿಸಿಲಿನಲ್ಲಿ, ಇಲ್ಲವೇ ಸಂಜೆ ಬಿಸಿಲು ಓರೆಯಾದಾಗ ಕಲ್ಲಿನ ಕೆತ್ತನೆ ಎದ್ದು ಕಾಣುತ್ತದೆ ಅಂತ ಕ್ಯಾಮೆರಾ ಬಲ್ಲವರು ಹೇಳುತ್ತಾರೆ. ಅವರ ಮಾತು ಕೇಳಬೇಡಿ. ಆ ಹೊತ್ತಿಗೆ ನಾವು ಹೊಸಪೇಟೆಯ ಲಾಡ್ಜಿನಲ್ಲಿ ಬಿಸಿನೀರು ಬರುತ್ತೋ ಇಲ್ವೋ ಅಂತ ನಲ್ಲಿ ತಿರುಗಿಸುತ್ತಾ ನಿಂತಿರುತ್ತೇವೆ. ಆಮೇಲೆ ಇಡ್ಲಿ ವಡೆ ಆಗಬೇಕು, ಕಾಫಿ ಆಗಬೇಕು, ಚಿಕ್ಕಪ್ಪನ ಟೋಪಿ ಹುಡುಕಬೇಕು, ಅದು ಚಿಕ್ಕಪ್ಪನ ತಲೆ ಮೇಲೇ ಇದೆ ಅಂತ ಗೊತ್ತಾಗಬೇಕು. ರಥದ ಮುಂದೆ ಬಂದು ನಿಲ್ಲುವುದು ಮಟಮಟ ಮಧ್ಯಾಹ್ನ. ಸೂರ್ಯ ನೆತ್ತಿ ಮೇಲೆ. ಎಲ್ಲರ ಕಣ್ಣಿನ ಕೆಳಗೂ ಇದ್ದಿಲು ಬಳಿದ ಹಾಗೆ ನೆರಳು. ಕೆತ್ತನೆ ಒಂದೂ ಕಾಣದು, ಕಲ್ಲೆಲ್ಲ ಬೆಳ್ಳಗೆ, ಬೋಳು ಬೋಳು. ಚಿಂತೆ ಯಾಕೆ, ಫಿಲ್ಟರ್ ಇದೆಯಲ್ಲ? ಒಂದು ಸಲ ಒತ್ತಿದರೆ ಹನ್ನೆರಡೂವರೆಗೇ ಸೂರ್ಯ ಮುಳುಗುತ್ತಾನೆ.

ಯಾವ ಕೋನದಿಂದ ತೆಗೆಯಬೇಕು ಅನ್ನುವ ಗೊಂದಲವೂ ಈಗಿಲ್ಲ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಇದೇ ರಥ ಇದೆ. ರಿಸರ್ವ್ ಬ್ಯಾಂಕೇ ಆ್ಯಂಗಲ್ ಹೇಳಿಕೊಟ್ಟ ಮೇಲೆ ನಮ್ಮದೇನು? ನೋಟನ್ನು ಎರಡು ಬೆರಳಲ್ಲಿ ಹಿಡಿದು, ನೋಟಿನ ರಥವನ್ನೂ ಎದುರಿನ ರಥವನ್ನೂ ಒಂದೇ ಚೌಕಟ್ಟಿಗೆ ತರುವುದು ಈಗ ಇಲ್ಲಿಯ ಮುಖ್ಯ ಪೂಜೆ. ತೊಂದರೆ ಏನಪ್ಪಾ ಅಂದ್ರೆ, ಯಾರ ಜೇಬಲ್ಲೂ ನೋಟಿಲ್ಲ. ಎಲ್ಲರದ್ದೂ ಸ್ಕ್ಯಾನ್. "ಅಣ್ಣಾ, ಐವತ್ತು ಇದ್ರೆ ಕೊಡಿ, ಈಗ್ಲೇ ಫೋನ್‌ಪೇ ಮಾಡ್ತೀನಿ" ಅಂತ ಗುರುತಿಲ್ಲದವರ ಮುಂದೆ ಕೈಚಾಚುತ್ತಾರೆ. ಒಂದು ನೋಟು ಸಿಕ್ಕರೆ ಅದು ಇಡೀ ಬಸ್ಸಿನವರ ಕೈ ಸುತ್ತಿ ಬೆವರಲ್ಲಿ ನೆನೆಯುತ್ತದೆ. ಫೋಕಸ್ ನೋಟಿನ ಮೇಲೆ ಬಿದ್ದರೆ ರಥ ಮಸುಕು, ರಥದ ಮೇಲೆ ಬಿದ್ದರೆ ನೋಟು ಮಸುಕು. ಕೊನೆಗೆ ಸ್ಪಷ್ಟವಾಗಿ ಬರುವುದು ಹೆಬ್ಬೆರಳಿನ ಉಗುರು ಒಂದೇ.

ರಥ ಹತ್ತಿ ಫೋಟೋ ತೆಗೆಸಿಕೊಳ್ಳುವವರ ಕಾಟ ತಡೆಯಲಾಗದೆ ಪುರಾತತ್ವ ಇಲಾಖೆ ಸುತ್ತ ಬೇಲಿ ಹಾಕಿತು. ಈಗ ಬೇಲಿಯ ಮೇಲೆ ಸಿಟ್ಟು. "ಸಾರ್, ಇದು ಫ್ರೇಮಲ್ಲಿ ಬರುತ್ತೆ, ಸ್ವಲ್ಪ ಹೊತ್ತು ತೆಗೆಸೋಕಾಗಲ್ವಾ?" ಅಂತ ಕೇಳಿದರೆ ಪಾಪ ಆ ಗಾರ್ಡ್ ಏನು ಹೇಳಬೇಕು? "ನೀವೆಲ್ಲ ಹೋದ್ಮೇಲೆ ತೆಗೀತೀವಿ ಸಾರ್" ಅಂದರೆ ಅದಕ್ಕೂ ಕೋಪ.

ಬೇಲಿ ಇದ್ದರೂ ನೋಡೋಕೆ ಬೇಕಾದಷ್ಟಿದೆ. ರಥದ ಮುಂದಿರುವ ಆನೆಗಳು ಮೂಲದವಲ್ಲ. ಮೊದಲು ಅಲ್ಲಿ ಕುದುರೆಗಳಿದ್ದವು, ಆನೆಗಳನ್ನು ಆಮೇಲೆ ತಂದು ಇಟ್ಟಿದ್ದು. ಆನೆಯ ಹಿಂದೆ ಇಣುಕಿದರೆ ಕುದುರೆಯ ಹಿಂಗಾಲು, ಬಾಲ ಈಗಲೂ ಉಳಿದಿವೆ. ಆದರೆ ಇಣುಕಬೇಕಾದರೆ ರಥದ ಕಡೆ ಮುಖ ಮಾಡಬೇಕಲ್ಲ? ಅಂಗಳದಲ್ಲಿರುವ ಅಷ್ಟೂ ಜನ ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ.

ಹಂಪಿಯಲ್ಲಿ ಕೆಟ್ಟ ಫೋಟೋ ತೆಗೆದವನು ಅಂದರೆ ಅಲೆಕ್ಸಾಂಡರ್ ಗ್ರೀನ್‌ಲಾ. ಕಂಪನಿ ಸರ್ಕಾರದ ಸೇನೆಯವನು. 1856ರಲ್ಲಿ ದೊಡ್ಡ ಕ್ಯಾಮೆರಾ, ಮೇಣ ಹಚ್ಚಿದ ಕಾಗದದ ನೆಗೆಟಿವ್ ಎಲ್ಲ ಹೊರಿಸಿಕೊಂಡು ಬಂದು, ಈ ರಥದ ಮುಂದೆಯೂ ನಿಂತ. ಚಿತ್ರದಲ್ಲಿ ಅವನ ಮುಖವೇ ಇಲ್ಲ! ಎರಡು ಬೆರಳು ಎತ್ತಿಲ್ಲ, ರಥವನ್ನು ಅಂಗೈಯಲ್ಲಿ ಹೊತ್ತ ಹಾಗೆ ಪೋಸು ಕೊಟ್ಟಿಲ್ಲ. ಬರೀ ರಥ. ಅದರ ತಲೆ ಮೇಲೆ ಇಟ್ಟಿಗೆಯ ಗೋಪುರ. ಆ ಗೋಪುರ ಈಗಿಲ್ಲ. ಅದು ಹೇಗಿತ್ತು ಅಂತ ನಾವು ಕಣ್ಣಾರೆ ನೋಡೋಕೆ ಆಗುವುದು ಅವನ ಆ ಫೋಟೋದಂಥ ಹಳೆಯ ಚಿತ್ರಗಳಿಂದ. ಸರಿ, ನಮ್ಮ ಕಾಲದ ಫೋಟೋಗಳನ್ನು ಮುಂದೆ ಯಾರಾದರೂ ಸಂಶೋಧಕರು ಹರಡಿಕೊಂಡು ಕೂತರು ಅಂತಿಟ್ಟುಕೊಳ್ಳಿ. ಲಕ್ಷಗಟ್ಟಲೆ ಚಿತ್ರ ನೋಡಿ ಏನು ಬರೆಯಬಹುದು? "ಈ ಕಾಲದಲ್ಲಿ ರಥದ ಎಡ ಚಕ್ರ ಒಬ್ಬ ಮಹಿಳೆಯ ಕಿವಿಯಿಂದ ಹೊರಟಿತ್ತು. ಬಲ ಚಕ್ರ ಇತ್ತೋ ಇಲ್ಲವೋ ತಿಳಿಯದು, ಆ ಜಾಗದಲ್ಲಿ ಸದಾ ಒಂದು ಕೂಲಿಂಗ್ ಗ್ಲಾಸ್ ಇರುತ್ತಿತ್ತು."

ಇದು ತಮಾಷೆ. ತಮಾಷೆ ಅಲ್ಲದ್ದೂ ಇದೆ. ಹಂಪಿಯಲ್ಲೇ ಕೆಲವು ಹುಡುಗರು ನಿಂತ ಕಂಬವನ್ನು ತಳ್ಳಿ ಬೀಳಿಸಿ, ಅದರ ವಿಡಿಯೊ ಮಾಡಿಕೊಂಡಿದ್ದರು. 2019ರಲ್ಲಿ ಆ ವಿಡಿಯೊ ಎಲ್ಲ ಕಡೆ ಹರಿದಾಡಿ, ಸಿಕ್ಕಿಬಿದ್ದರು. ಕೋರ್ಟು ತಲಾ 70 ಸಾವಿರ ರೂಪಾಯಿ ದಂಡ ಹಾಕಿ, ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ಲೈಕು ಎಷ್ಟು ಬಂತೋ, ಬೆನ್ನುನೋವು ಎಷ್ಟು ಬಂತೋ.

ಇನ್ನು ವಿರೂಪಾಕ್ಷನ ಗುಡಿ. ಅಲ್ಲಿ ಫೋಟೋ ತೆಗೆಯುವ ಕೆಲಸವನ್ನು ಗೋಡೆಯೇ ಮಾಡುತ್ತದೆ. ಹಿಂಬದಿಯಲ್ಲಿ ಒಂದು ಕತ್ತಲೆ ಕೋಣೆ, ಕೋಣೆಗೊಂದು ಚಿಕ್ಕ ಕಿಂಡಿ. ಹೊರಗಿನ ಸುಮಾರು 50 ಮೀಟರ್ ಎತ್ತರದ ರಾಜಗೋಪುರ ಆ ಕಿಂಡಿಯಿಂದ ತೂರಿ ಬಂದು ಗೋಡೆ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬ್ಯಾಟರಿ ಇಲ್ಲ, ಚಾರ್ಜರ್ ಇಲ್ಲ. ಕ್ಯಾಮೆರಾ ಕೆಲಸ ಮಾಡುವುದೂ ಹೀಗೇ. ಒಳಗೆ ಹೋಗಿ ಒಂದು ನಿಮಿಷ ಕಣ್ಣು ಹೊಂದಿಸಿಕೊಂಡು ನಿಂತರೆ ಗೋಪುರ ಚೆಂದಾಗಿ ಕಾಣುತ್ತದೆ. ಆದರೆ ಆ ಒಂದು ನಿಮಿಷ ಯಾರಿಗಿದೆ? ಒಳಗೆ ಕಾಲಿಟ್ಟ ತಕ್ಷಣ ಫ್ಲಾಶ್. ಕೋಣೆ ತುಂಬಾ ಬೆಳಕು, ಫೋಟೋದಲ್ಲಿ ಬರೀ ಗೋಡೆ. "ಏನೂ ಇಲ್ವಲ್ಲೋ ಇಲ್ಲಿ!" "ಇರು, ಇನ್ನೊಂದ್ಸಲ ತೆಗೀತೀನಿ." ಮತ್ತೆ ಫ್ಲಾಶ್. ಮತ್ತೆ ಗೋಡೆ. ಪಕ್ಕದಲ್ಲಿ ನಿಂತ ಗೈಡ್ ಬೆರಳು ತೋರಿಸುತ್ತಲೇ ಇರುತ್ತಾನೆ, ಇವರು ಅವನ ಬೆರಳಿನದ್ದೂ ಒಂದು ಫೋಟೋ ತೆಗೆದು ಹೊರಡುತ್ತಾರೆ.

ಸರ್ಕಾರಕ್ಕೆ ನನ್ನದೊಂದು ಸಲಹೆ ಇದೆ. ವಿಠ್ಠಲ ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲೇ ಕಲ್ಲಿನ ರಥದ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿಬಿಡಿ. ಬ್ಯಾಟರಿ ಗಾಡಿಗೆ ಕಾಯುವ ಕೆಲಸ ಇಲ್ಲ, ಒಂದು ಕಿಲೋಮೀಟರ್ ಬಿಸಿಲಲ್ಲಿ ನಡೆಯುವುದೂ ಇಲ್ಲ, ಬೇಲಿಯ ಗಲಾಟೆಯೂ ಇಲ್ಲ. ಸಂಜೆ ಬಿಸಿಲಿನದ್ದೇ ಚಿತ್ರ ಹಾಕಿಸಿದರೆ ಫಿಲ್ಟರ್ ಖರ್ಚೂ ಉಳಿಯಿತು. ಬಾಡಿಗೆಗೆ ಐವತ್ತರ ನೋಟು ಕೊಡಲು ಪಕ್ಕದಲ್ಲೊಂದು ಕೌಂಟರ್ ಇಡಿ. ಫ್ಲೆಕ್ಸ್ ಕಟ್ಟಿಸಲು ದುಡ್ಡಿಲ್ಲ ಅನ್ನುವ ಮಾತೇ ಬೇಡ, ಮೂಲೆಯಲ್ಲಿ ಯಾರಾದರೂ ಜನಪ್ರಿಯ ನಾಯಕರ ಹುಟ್ಟುಹಬ್ಬಕ್ಕೆ ಶುಭ ಕೋರುವ ಹನ್ನೆರಡು ಮುಖಗಳಿಗೆ ಜಾಗ ಬಿಟ್ಟರೆ ನಾಳೆ ಬೆಳಗ್ಗೆಯೊಳಗೆ ಅವರೇ ಬಂದು ಕಟ್ಟಿ ಹೋಗುತ್ತಾರೆ.